ಡಿಕ್ಕಿಯೊಳಗೆ ಕೂತು ಬೆಳಕು ಹುಡುಕುವ ಅಕ್ಕ

ಸೂರ್ಯ ಇನ್ನೂ ಕಾಂಪೌಂಡಿನ ತಗಡಿನ ಮೇಲೆ ಗಲ್ಲ ಊರಿಕೊಂಡು ಕೂತಿದ್ದಾನೆ. ಅಂಗಳದಲ್ಲಿ ಪುಟ್ಟ ಬಿಳಿ ಗಾಡಿಗಳು ಸಾಲಾಗಿ ನಿಂತಿವೆ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಟ್ರೇಲರ್ ಮನೆಗಳು ಇವು. ಒಳಗೆ ಇಬ್ಬರು ಮಲಗುವಷ್ಟು ಮಂಚ, ಒಂದು ಒಲೆ, ಎರಡು ಗೇಣಿನ ಕಿಟಕಿ. ಮೂರನೇ ಗಾಡಿಯ ಪಕ್ಕ ಒಂದು ಜೊತೆ ಚಪ್ಪಲಿ ಬಿಟ್ಟಿದೆ. ಚಪ್ಪಲಿಯ ಒಡತಿ ಮಾತ್ರ ಎಲ್ಲೂ ಕಾಣುವುದಿಲ್ಲ.

"ಅಕ್ಕಾ, ಎಲ್ಲಿದೀರಾ?" ಪತ್ರಿಕೆಗೆ ಬರೆಯಲು ಬಂದ ನಾನು ಕೂಗುತ್ತೇನೆ.

"ಡಿಕ್ಕೀಲಿದೀನಿ" ಎನ್ನುತ್ತದೆ ಗಾಡಿ.

ಗಾಡಿಯ ಹೊಟ್ಟೆಯ ಬಳಿ, ಹೊರಗಿನಿಂದ ತೆರೆಯುವ ಸಾಮಾನು ಪೆಟ್ಟಿಗೆ ಇದೆ. ಈ ಗಾಡಿಗಳನ್ನು ಕಟ್ಟುವ ಶೆಡ್ಡಿನ ಭಾಷೆಯಲ್ಲಿ ಅದು ಡಿಕ್ಕಿ. ಅದರ ಬಾಗಿಲನ್ನು ಬಣ್ಣ ಹೊಡೆಯುವ ಹಿರಿಯರೊಬ್ಬರು ಅಂಗೈಯಲ್ಲಿ ಒತ್ತಿ ಹಿಡಿದು ನಿಂತಿದ್ದಾರೆ. ಎಲ್ಲರೂ ಅವರನ್ನು ಪೇಂಟರ್ ಮಾವ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎರಡು ಸಲ ಬಡಿದ ಸದ್ದು. ಮಾವ ಕೈ ತೆಗೆಯುತ್ತಾರೆ. ಮೊದಲು ಸೀಮೆಸುಣ್ಣ ಹಿಡಿದ ಕೈ, ಆಮೇಲೆ ಟವೆಲು ಬಿಗಿದ ತಲೆ, ಕೊನೆಗೆ ಐದಡಿಯೂ ಇಲ್ಲದ, ಐವತ್ತೆರಡು ವರ್ಷದ ಹೆಂಗಸು ಹೊರಬರುತ್ತಾರೆ.

"ಮೂರು ಕಡೆ ಬೆಳಕು ಬಂತು" ಅನ್ನುತ್ತಾರೆ, ಯಾರೋ ಮೂರು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದ ಹಾಗೆ.

ಹದಿನೇಳು ವರ್ಷದಿಂದ ಈ ಶೆಡ್ಡಿನಲ್ಲಿ ಇವರು ಡಿಕ್ಕಿ ಅಕ್ಕ. ಹಾಜರಿ ಪುಸ್ತಕದಲ್ಲಿ ಮಾತ್ರ 'ಸಹಾಯಕಿ'. ಯಾರಿಗೆ ಸಹಾಯಕಿ ಎಂದು ಕೇಳಿದರೆ, ಮಾವನ ಕಡೆ ಗಲ್ಲ ಎತ್ತುತ್ತಾರೆ. "ಇವ್ರಿಗಂತೆ. ಇವ್ರೇ ನನ್ನ ಬಾಗಿಲು ಹಿಡಿಯೋರು."

"ಬಿಟ್ಟು ಹೋದ್ರೆ ಗೊತ್ತಾಗ್ತಿತ್ತು" ಅನ್ನುತ್ತಾರೆ ಮಾವ. ಡಿಕ್ಕಿಯ ಚಿಲಕ ಒಳಗಿನಿಂದ ತೆಗೆಯಲು ಬರುವುದಿಲ್ಲ. ಹಾಗಾಗಿ ಅಕ್ಕ ಒಳಗಿರುವಾಗ ಚಿಲಕ ಹಾಕುವುದೇ ಇಲ್ಲ, ಕೈಯಲ್ಲೇ ಒತ್ತಿ ಹಿಡಿಯಬೇಕು. ಮಾವನ ಬಲ ಅಂಗೈ ಒಂದು ಗಾಡಿಗೆ ನಾಲ್ಕು ಸಲ ಚಿಲಕವಾಗುತ್ತದೆ.

ಈ ಕೆಲಸ ಬೆಳಗಿನ ಹೊತ್ತಿಗೇ ಆಗಬೇಕು. ಅಂಗಳದ ಪೂರ್ವಕ್ಕೆ ಗಿಡ್ಡ ತಗಡಿನ ಕಾಂಪೌಂಡು, ಅದರಾಚೆ ಬಯಲು. ಸೂರ್ಯ ಮೇಲೇಳುವಾಗ ಅವನ ಕಣ್ಣು ಸರಿಯಾಗಿ ಡಿಕ್ಕಿ ಬಾಗಿಲಿನ ಮಟ್ಟಕ್ಕೆ ಇರುತ್ತದೆ. ಕೂದಲೆಳೆಯಷ್ಟು ಸಂದು ಇದ್ದರೂ ಕತ್ತಲೆಯಲ್ಲಿ ಕೂತವರಿಗೆ ಅದು ಸೂಜಿಯಂತೆ ಹೊಳೆಯುತ್ತದೆ. ಆ ಜಾಗಕ್ಕೆ ಅಕ್ಕ ಗುರುತು ಹಾಕುತ್ತಾರೆ. ಬೆಳಕು ನುಗ್ಗಿದ ಕಡೆ ನಾಳೆ ಮಳೆಯೂ ನುಗ್ಗುತ್ತದೆ, ರಸ್ತೆಯ ಧೂಳೂ ನುಗ್ಗುತ್ತದೆ. ಸೂರ್ಯ ಆ ಮಟ್ಟದಲ್ಲಿರುವುದು ನಲವತ್ತು ನಿಮಿಷ. ಅಷ್ಟರಲ್ಲಿ ಎರಡೇ ಗಾಡಿ ಮುಗಿಯುತ್ತವೆ. ಒಂದು ಬೆಳಿಗ್ಗೆಗೆ ಎರಡು, ಹೆಚ್ಚಿಲ್ಲ.

ಈ ವಾರದ ಜಗಳ ಹುಟ್ಟಿದ್ದು ಇಲ್ಲೇ. ಸೋಮವಾರ ಶೆಡ್ಡಿನ ಯಜಮಾನರು ಬಂದು, ಶುಕ್ರವಾರ ಹತ್ತು ಗಂಟೆಗೆ ಹನ್ನೆರಡು ಗಾಡಿ ಒಟ್ಟಿಗೆ ಹೊರಡಬೇಕು ಎಂದಿದ್ದಾರೆ. ಗಾಡಿಗಳನ್ನು ಬಾಡಿಗೆಗೆ ಬಿಡುವ ದೊಡ್ಡ ಗಿರಾಕಿ. ಅಕ್ಕ ಬೆರಳು ಮಡಚಿ ತೋರಿಸಿದ್ದಾರೆ: ಐದು ಬೆಳಿಗ್ಗೆ, ಹತ್ತು ಗಾಡಿ. ಅದರಲ್ಲೂ ಮಂಗಳವಾರ ಮೋಡ ಕವಿದು ಒಂದೂ ಆಗಿಲ್ಲ. ಅಂದರೆ ಎಂಟು.

"ದೀಪ ಇಟ್ಕೊಂಡು ನೋಡಮ್ಮ ಅಂತಾರೆ. ದೀಪ ಇಟ್ಟ ಕಡೆ ಇರ್ತದೆ. ಸೂರ್ಯ ಏರ್ತಾ ಏರ್ತಾ ಬಾಗಿಲಿನ ಸುತ್ತ ಸವರ್ಕೊಂಡು ಹೋಗ್ತಾನೆ. ಅವನಷ್ಟು ಸಂಶಯದ ಪ್ರಾಣಿ ಇನ್ನೊಂದಿಲ್ಲ. ನಾನೂ ಹಾಗೇ ಅನ್ನಿ."

ಯಜಮಾನರ ಉತ್ತರವೂ ನೇರವಾಗಿದೆ. ಉಳಿದ ನಾಲ್ಕು ಗಾಡಿ ನೋಡದೆಯೇ ಹೋಗುತ್ತವೆ. ಒಪ್ಪದಿದ್ದರೆ ಮುಂದಿನ ಸೋಮವಾರದಿಂದ ಅಕ್ಕ ಬರುವುದು ಬೇಡ, ಈ ಬೆಳಗಿನ ಶಾಸ್ತ್ರವೂ ಬೇಡ.

ಅಕ್ಕ ಬರುವ ಮೊದಲು ಡಿಕ್ಕಿ ಎಂದರೆ ಗೋಡೆಗೆ ಕೊರೆದ ತೂತು, ಅದಕ್ಕೊಂದು ಮುಚ್ಚಳ, ಅಷ್ಟೇ. ಒದ್ದೆ ಪೈಪು ಹಾಸಿಗೆಯ ಮೇಲೆ ಬೀಳುತ್ತಿತ್ತು. ಬಗ್ಗಿದವರ ತಲೆಯ ಮೇಲೆ ಬಾಗಿಲು ಬೀಳುತ್ತಿತ್ತು. ಕೆಲಸ ಕೇಳಲು ಬಂದ ದಿನ ಅಕ್ಕ ಒಂದೇ ಕೀಲಿಯಿಂದ ಅಂಗಳದ ಹದಿನಾಲ್ಕು ಗಾಡಿಗಳ ಡಿಕ್ಕಿ ತೆರೆದು ತೋರಿಸಿದ್ದರಂತೆ. ಎಲ್ಲದಕ್ಕೂ ಒಂದೇ ಅಗ್ಗದ ಬೀಗ! "ಯಜಮಾನ್ರು ಮೊದಲು ಕಳ್ಳಿ ಅಂದ್ಕೊಂಡ್ರು. ಮಾರನೇ ದಿನ ಕೆಲಸ ಕೊಟ್ರು."

ಈಗ ಒಂದೊಂದಕ್ಕೂ ಬೇರೆ ಬೀಗ. ಬಾಗಿಲಿನ ಮೇಲೆ ಬೆರಳಗಲದ ತಗಡಿನ ಹುಬ್ಬು, ಮಳೆನೀರು ಅದರ ಮೇಲೆ ಜಾರಿ ಪಕ್ಕಕ್ಕೆ ಹೋಗುತ್ತದೆ. ಬಾಗಿಲು ಎತ್ತಿದರೆ ಎತ್ತಿದಲ್ಲೇ ನಿಲ್ಲುವ ಕೊಕ್ಕೆ. ಒದ್ದೆ ಸಾಮಾನಿಗೆ ತೂತುಗಳ ಬೇರೆ ತೊಟ್ಟಿ. ಒಳಗೆ ಕೈ ಹಾಕಿ ತಡಕಾಡದಂತೆ ಇಡೀ ತಳವನ್ನೇ ಹೊರಕ್ಕೆ ಎಳೆಯುವ ಹಲಗೆ, ಅದಕ್ಕೆ ಬಿಳಿ ಬಣ್ಣ. ಬಿಳಿ ಯಾಕೆ? "ಬಿದ್ದ ನಟ್ಟು ಸಂಜೆ ಹೊತ್ತಲ್ಲಿ ಕಾಣ್ಬೇಕಲ್ಲ. ಗಾಡಿ ಕೆಡೋದು ಯಾವತ್ತೂ ಸಂಜೇನೇ." ಒಂದು ಗಾಡಿಗೆ ನಾಲ್ಕು ಡಿಕ್ಕಿ, ಹನ್ನೊಂದು ಮೀಟರ್ ರಬ್ಬರ್ ಪಟ್ಟಿ, ಅರವತ್ತನಾಲ್ಕು ರಿವೆಟ್. ಬೆಳಿಗ್ಗೆ ಹಾಕಿದ ಗುರುತುಗಳನ್ನು ಸರಿಪಡಿಸುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ನಾಳೆಯ ಪಟ್ಟಿ ಕತ್ತರಿಸುವ ಕೆಲಸ. ಶೆಡ್ಡಿನ ಬಣ್ಣದ ಜಾಹೀರಾತು ಹಾಳೆಯಲ್ಲಿ 'ಸೋರದ ಡಿಕ್ಕಿ, ನಮ್ಮ ಹೆಮ್ಮೆ' ಎಂದಿದೆ. ಪಕ್ಕದಲ್ಲಿ ಯಜಮಾನರ ನಗುವ ಚಿತ್ರ.

ನನ್ನ ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಯಾವಾಗಲೂ ಒಂದು ಪೆಟ್ಟಿಗೆಯಲ್ಲಿ ಇರುತ್ತಿತ್ತು. ಸಮುದ್ರದ ತಳದಲ್ಲಿದ್ದರೂ ಒಳಗಿನ ಹಕ್ಕಿಯ ಒಂದು ಪುಕ್ಕವೂ ನೆನೆಯುತ್ತಿರಲಿಲ್ಲ. ಪೆಟ್ಟಿಗೆ ಮಾಡಿದವರು ಯಾರು ಎಂದು ಕೇಳಿದರೆ ಅಜ್ಜಿ, "ಯಾರೋ ಮಾಡಿದ್ರು, ಮುಂದೆ ಕೇಳು" ಎಂದು ಗದರುತ್ತಿದ್ದಳು. ಆ ಯಾರೋ ಈಗ ಎದುರಿಗೆ ಕೂತು, ಉಗುರಿನಡಿ ಸೇರಿದ, ಸಂದು ಮುಚ್ಚುವ ಸಿಲಿಕಾನ್ ಅಂಟು ಕೆರೆದು ತೆಗೆಯುತ್ತಿದ್ದಾರೆ.

ಕೆಲಸ ಕಲಿಸಿದವರು ಯಾರೂ ಇಲ್ಲ. ಮದುವೆಯಾದ ಹೊಸತರಲ್ಲಿ ಗಂಡನಿಗೆ ರಸ್ತೆ ಹಾಕುವ ಕೆಲಸ. ರಸ್ತೆ ಮುಂದೆ ಹೋದಂತೆ ಸಂಸಾರವೂ ಮುಂದೆ ಹೋಗಬೇಕು. ಗಂಡ, ಹೆಂಡತಿ, ಅತ್ತೆ, ಕಂಕುಳಲ್ಲಿ ಮಗಳು, ಎಲ್ಲರಿಗೂ ಒಂದೇ ಹಳೆಯ ಟ್ರೇಲರ್ ಮನೆ. ಮೊದಲ ಮಳೆಗೇ ಡಿಕ್ಕಿಯಲ್ಲಿದ್ದ ಹಾಸಿಗೆ, ಮಗುವಿನ ಬಟ್ಟೆ ಎಲ್ಲ ತೊಪ್ಪೆ. ಯಾರೋ ಎಸೆದ ಫ್ರಿಜ್ಜಿನ ಬಾಗಿಲಿನಿಂದ ರಬ್ಬರ್ ಕಿತ್ತು ತಂದು ಅಕ್ಕ ಡಿಕ್ಕಿಗೆ ಅಂಟಿಸಿದರು. ಮುಂದಿನ ಮಳೆಗೆ ಒಂದು ಹನಿ ಒಳಗೆ ಬರಲಿಲ್ಲ. ಕ್ಯಾಂಪಿನ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋದರು.

"ಆಗ ನನಗೆ ಕೊಂಬು ಬಂತು. ಎಲ್ಲಿ ತೂತು ಕಂಡ್ರೆ ಅಲ್ಲಿ ಮುಚ್ಚೋದೇ."

ಗಾಡಿಯ ಮೂತಿಯಲ್ಲಿ ಗ್ಯಾಸ್ ಸಿಲಿಂಡರ್ ಇಡುವ ಡಿಕ್ಕಿ ಇರುತ್ತದೆ. ಅದರ ತಳದಲ್ಲಿ ಅಂಗೈಯಗಲದ ಒಂದು ತೂತು. ರಸ್ತೆಯ ಕೆಸರೆಲ್ಲ ಅದರಿಂದಲೇ ಒಳಗೆ ಸಿಡಿಯುತ್ತಿತ್ತು. ಅಕ್ಕ ಅದಕ್ಕೆ ತಗಡು ಬಡಿದು, ಸುತ್ತ ಟಾರು ಮೆತ್ತಿ, ಚೆಂದ ನೋಡಿದರು. ಒಂದು ವಾರದ ನಂತರ ಒಂದು ಸಂಜೆ ಒಲೆ ಹತ್ತಲಿಲ್ಲ. ಸಿಲಿಂಡರ್ ನೋಡಲು ಅತ್ತೆ ಆ ಡಿಕ್ಕಿಯ ಮುಚ್ಚಳ ಎತ್ತಿದರು. ಕೈಯಲ್ಲಿ ಬೆಂಕಿಪೊಟ್ಟಣ.

ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಕೆಳಕ್ಕೇ ಇಳಿಯುತ್ತದೆ. ಅದು ಇಳಿದು ಹೋಗಲೆಂದೇ ಆ ತೂತು. ಮುಚ್ಚಿದ್ದರಿಂದ ಕೊಡದಲ್ಲಿ ನೀರು ತುಂಬಿದ ಹಾಗೆ ಗ್ಯಾಸ್ ತುಂಬಿಕೊಂಡಿತ್ತು. ಅತ್ತೆಯ ಮೂಗು ಚುರುಕು. ವಾಸನೆ ಬಡಿದೊಡನೆ ಬೆಂಕಿಪೊಟ್ಟಣವನ್ನು ದೂರದ ಕೆಸರಿಗೆ ಎಸೆದು, ಮೊಮ್ಮಗಳನ್ನು ಎತ್ತಿಕೊಂಡು ನಡೆದರು. ಆಮೇಲೆ ಆಡಿದ್ದು ಒಂದೇ ಮಾತು.

"ಬಾಯಿ ಮುಚ್ಚಿದ್ದು ಸರಿ ಕಣೇ, ಮೂಗು ಯಾಕೆ ಮುಚ್ಚಿದೆ?"

ಅತ್ತೆಗೆ ಈಗ ಎಂಬತ್ತು. ಶೆಡ್ಡಿನ ಹಿಂದಿನ ಬೀದಿಯ ಎರಡು ಕೋಣೆಯ ಮನೆಯಲ್ಲಿ ಸೊಸೆಯ ಬುತ್ತಿಗೆ ಮುಚ್ಚಳ ಬಿಗಿಯುತ್ತಾ ಇವತ್ತಿಗೂ ಕೇಳುತ್ತಾರಂತೆ, "ಇವತ್ತು ಯಾರ ಮೂಗು ಮುಚ್ಚಿ ಬಂದೆ?" ಶೆಡ್ಡಿನಲ್ಲೂ ಆ ತೂತಿಗೆ ಮೂಗು ಎಂದೇ ಹೆಸರಾಗಿದೆ. ಪರೀಕ್ಷೆಯ ದಿನ ಬೇರೆ ಮೂರು ಡಿಕ್ಕಿಗಳಲ್ಲಿ ಎಲ್ಲೂ ಬೆಳಕು ಕಾಣಬಾರದು. ಮೂತಿ ಡಿಕ್ಕಿಯಲ್ಲಿ ಮಾತ್ರ, ಕೂತವರ ಕಾಲ ಬುಡದಲ್ಲಿ, ಅಂಗೈಯಗಲ ಬೆಳಕು ಕಾಣಲೇಬೇಕು.

ಶುಕ್ರವಾರ ಬೆಳಿಗ್ಗೆ. ಏಳನೆಯ, ಎಂಟನೆಯ ಗಾಡಿ ಪಾಸಾಗಿವೆ. ಎಳೆದೊಯ್ಯುವ ವಾಹನಗಳು ಆಗಲೇ ಗೇಟಿನ ಹೊರಗೆ ಬಂದು ನಿಂತಿವೆ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಯಜಮಾನರು ಬರುತ್ತಾರೆ. ಭಾರಿ ಆಳು, ಸಿಡುಕರಾದರೂ ಕೆಟ್ಟವರಲ್ಲ. ಉಳಿದ ನಾಲ್ಕು ಗಾಡಿಗಳ ಮುಂದೆ ನಿಂತವರ ಮುಖ ಕೆಂಪಾಗುತ್ತದೆ. ಹದಿನಾರು ಡಿಕ್ಕಿ ಬಾಗಿಲುಗಳಲ್ಲಿ ಒಂದಕ್ಕೂ ಹಿಡಿ ಇಲ್ಲ.

"ಹಿಡಿ ಎಲ್ಲಮ್ಮ?"

"ನನ್ನ ಹತ್ರ ಇದೆ" ಎನ್ನುತ್ತಾರೆ ಅಕ್ಕ. ಏಪ್ರನ್ನಿನ ಜೇಬು ಜೋತು ಬಿದ್ದಿದೆ. "ನಾನು ನೋಡದ ಗಾಡಿಗೆ ನನ್ನ ಹಿಡಿ ಹಾಕಲ್ಲ."

"ನಿನ್ನ ಹಿಡಿ? ದುಡ್ಡು ಕೊಟ್ಟು ತಂದೋನು ನಾನು!"

"ನೀವೇ ಹಾಕ್ಕೊಳ್ಳಿ ಹಾಗಾದ್ರೆ. ಯಾವ ತಿರುಪು ಯಾವುದಕ್ಕೆ ಅಂತ ಗೊತ್ತಲ್ಲ?"

ಪೇಂಟರ್ ಮಾವ ಕೆಮ್ಮಿನ ನೆಪದಲ್ಲಿ ಆಚೆ ತಿರುಗುತ್ತಾರೆ. ಯಜಮಾನರು ಗಡಿಯಾರ ನೋಡುತ್ತಾರೆ, ಗೇಟು ನೋಡುತ್ತಾರೆ, ನೋಟು ಪುಸ್ತಕ ಹಿಡಿದು ನಿಂತ ನನ್ನನ್ನೂ ನೋಡುತ್ತಾರೆ. "ಸೋಮವಾರ ಬರೋದು ಬೇಡ ಅಂದಿದ್ದು ನೆನಪಿದೆ ತಾನೆ?"

"ಇದೆ. ಇವತ್ತು ಶುಕ್ರವಾರ ಅನ್ನೋದೂ ನೆನಪಿದೆ." ಅಕ್ಕ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಅವರ ತಲೆ ಯಜಮಾನರ ಅಂಗಿಯ ಮೂರನೇ ಗುಂಡಿಗೆ ಬರುತ್ತದೆ. "ಒಂದು ಕೆಲಸ ಮಾಡಿ. ಈ ನಾಲ್ಕರಲ್ಲಿ ನಿಮಗೆ ಬೇಕಾದ ಡಿಕ್ಕಿ ಆರಿಸ್ಕೊಳ್ಳಿ. ನೀವೇ ಒಳಗೆ ಕೂತ್ಕೊಳ್ಳಿ. ನಾನು ಮುಚ್ಚಳ ಹಿಡೀತೀನಿ. ಎಲ್ಲ ಸರಿ ಇದ್ರೆ ಹದಿನಾರೂ ಹಿಡಿ ಈಗಲೇ ಹಾಕ್ಕೊಟ್ಟು ಮನೆಗೆ ಹೋಗ್ತೀನಿ. ಸೋಮವಾರ ಬರಲ್ಲ."

ಯಜಮಾನರಿಗೂ ಹಟ. ಮಲಗಿಕೊಂಡು ತೂರಬೇಕಾದ ಪಕ್ಕದ ಡಿಕ್ಕಿಗಳು ಅವರಿಗೆ ಆಗುವುದಿಲ್ಲ. ಮೂತಿ ಡಿಕ್ಕಿಯಲ್ಲಿ ಇನ್ನೂ ಸಿಲಿಂಡರ್ ಇಟ್ಟಿಲ್ಲ. ಮಂಡಿಗೆ ಗಲ್ಲ ತಾಗಿಸಿದರೆ ಹಿಡಿಸುತ್ತಾರೆ. ಅಂಗಿಯ ತೋಳು ಮಡಚಿ, ಮಾವನ ಭುಜ ಹಿಡಿದು, ಒಂದೊಂದೇ ಕಾಲು ಒಳಗಿಡುತ್ತಾರೆ. ಗಾಡಿ ಮುಂದಕ್ಕೆ ಕುಗ್ಗುತ್ತದೆ. ಗೇಟಿನಲ್ಲಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ಹತ್ತಿರ ಬರುತ್ತಾರೆ. ಅಕ್ಕ ಮುಚ್ಚಳ ಇಳಿಸಿ ಎರಡೂ ಕೈ ಊರುತ್ತಾರೆ.

"ಕಣ್ಣು ಹೊಂದ್ಕೊಳ್ಳಲಿ, ಅವಸರ ಬೇಡ" ಎನ್ನುತ್ತಾರೆ.

ಆಮೇಲೆ ಒಳಗಿನಿಂದ ಗೆದ್ದ ದನಿ:

"ಕಗ್ಗತ್ತಲೆ ಕಣಮ್ಮ! ಒಂದು ಚೂರೂ ಬೆಳಕಿಲ್ಲ! ತೆಗಿ, ಹಿಡಿ ಹಾಕು!"

ಡ್ರೈವರುಗಳು ನಗುತ್ತಾರೆ. ಅಕ್ಕ ನಗುವುದಿಲ್ಲ. ಅವರ ಮುಖದ ಬಣ್ಣವೇ ಇಳಿದಿದೆ.

"ಕಾಲ ಹತ್ರ ನೋಡಿ ಯಜಮಾನ್ರೆ. ಕೆಳಗೆ."

"ಅಲ್ಲೂ ಕತ್ತಲೆ!"

"ಮೂಗೆಲ್ಲಿ?"

ಒಳಗಿನಿಂದ ತಳವನ್ನು ಕೈಯಿಂದ ಸವರುವ ಸಪ್ಪಳ ಕೇಳುತ್ತದೆ. ಅಕ್ಕ ಮುಚ್ಚಳ ಎತ್ತುತ್ತಾರೆ. ಯಜಮಾನರ ಬೆರಳ ತುದಿಗೆ ಬಿಳಿ ಸಿಲಿಕಾನ್ ಅಂಟಿದೆ. ಈ ನಾಲ್ಕರ ಜೋಡಣೆಗೆ ಬಂದ ಹೊಸಬರು, ತಳ ನುಣ್ಣಗೆ ಕಾಣಲಿ ಎಂದು, ತೂತಿಗೆ ತಗಡಿನ ತುಂಡು ಇಟ್ಟು ನೀಟಾಗಿ ಮೆತ್ತಿದ್ದಾರೆ. ಮಾವ ಉಳಿದ ಮೂರು ಗಾಡಿಗಳ ಅಡಿ ಬಗ್ಗಿ ನೋಡಿ ಬರುತ್ತಾರೆ. ಮೂರಕ್ಕೂ ಹಾಗೇ ಆಗಿದೆ.

ಯಜಮಾನರು ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಂಗಿಯ ಇಸ್ತ್ರಿ ಹೋಗಿದೆ. ಬೆರಳನ್ನು ಕರವಸ್ತ್ರಕ್ಕೆ ಒರೆಸುತ್ತಾ ಗೇಟಿನ ಕಡೆ ತಿರುಗಿ ಹೇಳುತ್ತಾರೆ, "ಎಂಟು ಹೋಗ್ಲಿ." ನಾಲ್ಕು ಹೆಜ್ಜೆ ಹೋಗಿ ನಿಂತು, ತಿರುಗದೆಯೇ, "ಉಳಿದವು ನಿನಗೆ ಯಾವಾಗ ಸರಿ ಅನಿಸ್ತದೋ ಆಗ" ಎನ್ನುತ್ತಾರೆ.

"ನಾಳೆ ಎರಡು, ನಾಡಿದ್ದು ಎರಡು. ಮೋಡ ಇಲ್ಲದಿದ್ರೆ" ಅನ್ನುತ್ತಾರೆ ಅಕ್ಕ. "ಸೋಮವಾರನೂ ಬರ್ತೀನಿ. ಆ ಹೊಸಬ್ರನ್ನ ಕಳಿಸಿ, ಒಬ್ಬೊಬ್ಬರನ್ನೇ ಒಳಗೆ ಕೂರಿಸ್ಬೇಕು."

ಅಷ್ಟು ಹೇಳಿ ಕೆಲಸಕ್ಕೆ ಕೂರುತ್ತಾರೆ. ಗಾಡಿಯ ಅಡಿಗೆ ಗೋಣಿ ಹಾಸಿ, ಅಂಗಾತ ಮಲಗಿ, ಉಳಿಯಿಂದ ಮೂಗು ಬಿಡಿಸುತ್ತಾರೆ. ಸಿಲಿಕಾನಿನ ಸಿಪ್ಪೆ ಮುಖದ ಮೇಲೆ ಉದುರುತ್ತದೆ. ಹೊರಗೆ ಎಂಟು ಬಿಳಿ ಮನೆಗಳು ಒಂದರ ಹಿಂದೊಂದು ಗೇಟು ದಾಟಿ, ರಸ್ತೆಗೆ ಇಳಿದು, ತಿರುವಿನಲ್ಲಿ ಮರೆಯಾಗುತ್ತವೆ. ಅವರು ತಲೆ ಎತ್ತಿ ನೋಡುವುದಿಲ್ಲ.

ಪುರವಣಿಗೆ ಒಂದು ಫೋಟೊ ಬೇಕಿತ್ತು. ಕೇಳಿದರೆ ಗಾಡಿಯಡಿಯಿಂದಲೇ ಉತ್ತರ ಬರುತ್ತದೆ.

"ನನ್ನದ್ಯಾಕೆ? ಈ ತೂತಿನ ಫೋಟೊ ಹಾಕಿ. ದೊಡ್ಡದಾಗಿ ಹಾಕಿ. ಯಾರ ಮನೆ ಗಾಡೀಲಾದ್ರೂ ಮುಚ್ಚಿದ್ರೆ, ನೋಡ್ಕೊಂಡು ತೆಗೀಲಿ."