ಗೂಡಿನೊಳಗಿನ ಎರಡು ಗಂಟು

ಇಚಲಕರಂಜಿಯ ಬೆಲ್ಲದ ವ್ಯಾಪಾರಿ ಬಾಪೂಸಾಹೇಬರು ಬೀದಿಗಿಳಿದರೆ ಮೊದಲು ಮೀಸೆ ಬರುತ್ತಿತ್ತು, ಹಿಂದಿನಿಂದ ಅವರು. ಜೈನ ಮನೆತನ. ಉಳ್ಳಾಗಡ್ಡಿ, ಗಜ್ಜರಿ, ಬಟಾಟೆ, ನೆಲದೊಳಗೆ ಬೆಳೆದದ್ದು ಯಾವುದೂ ಅವರ ಹೊಸ್ತಿಲು ದಾಟಿದ್ದಿಲ್ಲ. ಆದರೆ ಐವತ್ತು ಹತ್ತಿರ ಬಂದಂತೆ ಮೈಯ ಕಸುವು ಇಳಿಯುತ್ತಿದೆ ಎನಿಸಿ, ಗಡಹಿಂಗ್ಲಜದ ಗಿಡಮೂಲಿಕೆಯವನಿಂದ ಶಕ್ತಿಯ ಬೇರು ತರಿಸಿದರು. ಬೇರು ಕಣ್ಣಿಗೆ ಬಿದ್ದರೆ ಪಾಪ, ಪುಡಿಯಾದರೆ ದೋಷವಿಲ್ಲ ಎಂಬುದು ಅವರದೇ ಶಾಸ್ತ್ರ. ಅದನ್ನು ಅಲ್ಲೇ ಕುಟ್ಟಿಸಿ, ಹೆಸರೂ ಕೇಳದೆ, ಬಟ್ಟೆಯಲ್ಲಿ ಗಂಟು ಕಟ್ಟಿಸಿ ಪಡಸಾಲೆಯ ಗೂಡಿನಲ್ಲಿಟ್ಟರು.

ಬಾಣಂತನಕ್ಕೆ ಬಂದಿದ್ದ ಮಗಳು ರತ್ನಮಾಲಾಳಿಗೆ ಎದೆಹಾಲು ಹೆಚ್ಚಲೆಂದು ಅವನಿಂದಲೇ ಇನ್ನೊಂದು ಪುಡಿ ಬಂದಿತ್ತು. ಅದೂ ಬೇರಿನ ಪುಡಿಯೇ. ಅದೇ ಗೂಡು, ಅಂಥದೇ ಗಂಟು. ಯಾವುದು ಯಾವ ಬೇರೆಂದು ಕೇಳುವ ಪಾಪ ಯಾರಿಗೂ ಬೇಡವಾಗಿತ್ತು. ಕೈಗೆ ಸಿಕ್ಕ ಗಂಟು ತೆಗೆದುಕೊಂಡು ಬಾಪೂಸಾಹೇಬರು ದಿನವೂ ಒಂದು ಚಮಚ ಪುಡಿ ಹಾಲಿನಲ್ಲಿ ಕುಡಿಯತೊಡಗಿದರು.

ಒಂದು ದಿನ ಸ್ನಾನದಲ್ಲಿ ಬಾಪೂಸಾಹೇಬರ ಸೋಪಿನ ಕೈ ಎಡ ಎದೆಯ ಮೇಲೆ ನಿಂತಿತು. ಒಳಗೆ ಅಡಿಕೆಯಷ್ಟು ಗಂಟು. ಮುಟ್ಟಿದರೆ ನೋವು. ವಾರ ಕಳೆಯುವುದರೊಳಗೆ ಬಲಗಡೆಯೂ ಊದಿತು. ಅವರ ಚಿಕ್ಕಪ್ಪ ತೀರಿಕೊಂಡದ್ದು ಗಡ್ಡೆಯಿಂದಲೇ. ಬಸದಿಯಲ್ಲಿ ಅಭಿಷೇಕಕ್ಕೆ ಬರಿಮೈಯಲ್ಲಿ ನಿಲ್ಲಬೇಕಾದ ಮನುಷ್ಯ ನೆಗಡಿಯ ನೆಪ ಹೇಳಿ ತಪ್ಪಿಸಿಕೊಂಡು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ತಿರುಗತೊಡಗಿದರು.

"ವೈಶಾಖದಾಗ ಕೋಟ ಏನ್ರಿ? ಲಗ್ನಕ್ಕ ಹೊಂಟೀರೇನು?" ಎಂದರು ಹೆಂಡತಿ ಮಾಣಿಕಬಾಯಿ.

"ನಿನಗೇನ ತಿಳೀತದ? ಸುಮ್ಮಕಿರು!" ಗದರಿಸಿದ ದನಿ ನಡುವೆಯೇ ಒಡೆಯಿತು.

ಯಾರಿಗೂ ಹೇಳದೆ ಪುಡಿಯ ಗಂಟನ್ನು ಜೇಬಿನಲ್ಲಿಟ್ಟುಕೊಂಡು ಕೊಲ್ಹಾಪುರದ ಡಾಕ್ಟರರ ಮುಂದೆ ಕೋಟು ಬಿಚ್ಚಿದರು. ಡಾಕ್ಟರರು ಒತ್ತಿ ನೋಡಿದರು, ಪುಡಿಯನ್ನು ಮೂಸಿದರು, ನಾಲಿಗೆಗೆ ಹಚ್ಚಿದರು.

"ಇದು ಶತಾವರಿ ಇದ್ದಂಗ ಅದ್ರಿ, ಸಾಹೇಬ್ರ. ಬಾಣಂತ್ಯಾರಿಗೆ ಕೊಡೂದು. ಮೈಯಾಗ ಹಾರ್ಮೋನ್ ಅಂತ ರಸ ಇರ್ತಾವ. ಗಂಡಸಿಗೊಂದು ಹುಕುಂ, ಹೆಂಗಸಿಗೊಂದು ಹುಕುಂ ಕೊಡ್ತಾವ. ಕೆಲವು ಬೇರು ಆ ಹುಕುಂ ಕೆಡಸ್ತಾವೇನೋ. ಖಾತ್ರಿ ಹೇಳಾಕ ಬರೂದಿಲ್ಲ. ಬಿಟ್ಟು ನೋಡೂಣು."

ಗೂಡಿನಲ್ಲಿ ಬಾಣಂತಿ ಮಗಳದೂ ಅಂಥದೇ ಗಂಟು ಇದ್ದದ್ದನ್ನು ಹೇಳಿ ಬಾಪೂಸಾಹೇಬರು ಉಸಿರು ಬಿಟ್ಟರು. ಮೀಸೆಗೂ ಕೈ ಹೋಯಿತು.

"ಹಂಗಾರ, ನಿಮ್ಮ ಪುಡಿ ಯಾರ ತಿನ್ನಾಕತ್ತಾರ?" ಎಂದರು ಡಾಕ್ಟರರು.

ಕೈ ಅಲ್ಲೇ ನಿಂತಿತು.

ಮೋಟಾರಿನಲ್ಲಿ ದಾರಿಯುದ್ದಕ್ಕೂ ಅವರಿಗೆ ಕಂಡದ್ದು ಮೊಮ್ಮಗುವಿನ ಬಾಯಿ ಒಂದೇ. ಯಾವ ಬೇರಿನ ಯಾವ ಹುಕುಂ ಆ ಪುಟ್ಟ ಹೊಟ್ಟೆಗೆ ಇಳಿದಿದೆಯೋ! ಕೋಟು ತೆರೆದೇ ಇತ್ತು. ಹಾಗೆಯೇ ಓಡಿ ಬಂದು ಪಡಸಾಲೆಯಲ್ಲಿ ನಿಂತರು.

"ರತ್ನಾ! ಆ ಪುಡಿ... ಎಷ್ಟ ತಿಂದಿ?"

ಮಗಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವ್ವಗ ಹೇಳಬ್ಯಾಡ್ರಿ, ಅಪ್ಪಾ. ಕುದರಿ ಬೆವರಿನಂಗ ನಾರತಿತ್ತು. ಮೊದಲನೇ ದಿನದಿಂದನ ತಿಪ್ಪಿಗೆ ಚೆಲ್ಲಾಕತ್ತೇನಿ."

ಅವಳ ತೊಡೆಯ ಮೇಲೆ ಮಗು ನಿದ್ದೆಹೋಗಿತ್ತು. ತುಟಿಯ ತುದಿಯಲ್ಲಿ ಹಾಲು. ಬಾಪೂಸಾಹೇಬರು ಬಾಗಿ ಅದನ್ನು ಬೆರಳಿನಿಂದ ಒರೆಸಿದರು. ಎದೆ ಮುಚ್ಚಿಕೊಳ್ಳುವುದು ನೆನಪಾಗಲಿಲ್ಲ.

ಆಮೇಲೆ ಆ ಮನೆಗೆ ಔಷಧದ ಬೇರು ಬಂದರೆ ಇಡಿಯಾಗಿಯೇ ಬರಬೇಕಿತ್ತು. ಅವರು ಅಂಗಳದಲ್ಲಿ ನಿಂತು ಕಣ್ತುಂಬ ನೋಡಿ, ಕೂಗಿ ಹೆಸರು ಕೇಳುತ್ತಿದ್ದರು. ಪಾಪ ಬಂದರೆ ಬರಲಿ. ಊತ ನಿಧಾನವಾಗಿ ಇಳಿಯಿತು. ಸೋಪಿನ ಕೈ ಮಾತ್ರ ಎಡಗಡೆಗೆ ಬಂದಾಗ ಕಡೆಯವರೆಗೂ ಒಂದು ಗಳಿಗೆ ನಿಲ್ಲುತ್ತಿತ್ತು.