ಒರೆಸಿದ ದಾಕು

ಅರವತ್ತರ ದಶಕದ ಆರಂಭದ ಮಾತು. ನಾವು ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿದ್ದೆವು. ನಮ್ಮ ಮನೆಯವರು ಮಿಲ್ಲಿಗೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಅತ್ತೆ, ಇನ್ನೂ ಹಲ್ಲು ಬಾರದ ನನ್ನ ಮಗಳು. ಸಿಡುಬು ಬಾರದಂತೆ ದಾಕು ಹಾಕುವಾತ ಬಂದಾಗ ಓಣಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ನಮ್ಮ ಬಾಗಿಲನ್ನು ನಾನೇ ತೆರೆದೆ.

"ಅದು ಕರುವಿನ ಮೈಯಾಗಿನ ಕೀವಂತೆ. ಲಿಂಗ ಕಟ್ಟಿದ ಕೂಸಿಗೆ ಅದನ್ನ ಹಚ್ತೀರಾ?" ಎಂದು ಅತ್ತೆ ಅಡ್ಡ ನಿಂತರು.

ಆತ ಅವರನ್ನು ಬಳಸಿ ಒಳಗೆ ಬಂದ. ಮಗಳ ತೋಳಿಗೆ ಔಷಧ ಹಚ್ಚಿ, ಮುಳ್ಳಿನಂಥ ಹಲ್ಲುಗಳಿದ್ದ ಸಣ್ಣ ಬಿಲ್ಲೆಯೊಂದನ್ನು ಒತ್ತಿ ತಿರುವಿದ. "ತಾನಾಗೇ ಒಣಗ್ಲಿ, ಒರೆಸಬ್ಯಾಡ್ರಿ. ವಾರದಾಗ ಗುಳ್ಳೆ ಏಳ್ತೈತೆ. ಏಳಲಿಲ್ಲಂದ್ರ ದಾಕು ಹತ್ತಿಲ್ಲ ಅಂತ ತಿಳೀರಿ" ಎಂದು ಹೋದ.

ಅಳುತ್ತಿದ್ದ ಕೂಸನ್ನು ಅತ್ತೆಯ ಕೈಗಿತ್ತು ನಾನು ಹಾಲು ಕಾಸಲು ಒಳಗೆ ಹೋದೆ. ಮರಳಿ ಎತ್ತಿಕೊಂಡಾಗ ಅದರ ತೋಳು ಒದ್ದೆಯಾಗಿತ್ತು. ಸೀಗೆಪುಡಿಯ ವಾಸನೆ.

"ತೊಳದ್ರೇನ್ ಅತ್ತೆ?"

"ಜೊಲ್ಲು ಸುರಿಸಿಕೊಂಡೈತೆ. ನಾನ್ಯಾಕ ತೊಳೀಲಿ?"

ವಾರ ಕಳೆದರೂ ಗುಳ್ಳೆ ಏಳಲಿಲ್ಲ. ಅಂದಿನಿಂದ ಅತ್ತೆ ಕೂಸಿಗೆ ನೀರು ಹಾಕಿದರೆ ನಾನು ಬಚ್ಚಲ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಔಷಧ ಕುಡಿಸಿದರೆ ಬಟ್ಟಲನ್ನು ಮೂಸಿ ನೋಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ಅಷ್ಟರಲ್ಲಿ ಹರಿಹರದಿಂದ ನಾದಿನಿ ಹೇಳಿಕಳಿಸಿದಳು. ಪಕ್ಕದ ಮನೆಗೆ ಅಮ್ಮ ಬಂದಿದ್ದಾಳೆ, ಸಿಡುಬು ಎದ್ದಿದೆ, ಭಯವಾಗುತ್ತಿದೆ ಎಂದು. ಅತ್ತೆ ಆ ದಿನವೇ ಬಸ್ಸು ಹತ್ತಿದರು. ಕೆಲವು ದಿನ ಬಿಟ್ಟು ಮರಳಿದಾಗ ನಾನು ಕೂಸನ್ನು ಎದೆಗವುಚಿಕೊಂಡು ಹಿಂದೆ ಸರಿದೆ.

"ಕೂಸನ್ನ ಮುಟ್ಟಬ್ಯಾಡ್ರಿ. ಅಲ್ಲಿಂದ ಏನ್ ತಂದೀರೋ ಯಾರಿಗ್ ಗೊತ್ತು?"

ಅವರು ಸಿಟ್ಟಾಗಲಿಲ್ಲ. ಉಟ್ಟ ಸೀರೆಯನ್ನು ಕುದಿಯುವ ನೀರಿಗೆ ಹಾಕಿ, ಮಿಂದು ಬಂದು ದೂರದಲ್ಲೇ ಕುಳಿತರು. "ಆ ಮನಿಯಾಗ ಎರಡು ಹುಡುಗ್ರು. ದೊಡ್ಡದಕ್ಕ ದಾಕು ಹಾಕ್ಸಿದ್ರು, ಸಣ್ಣದಕ್ಕ ಇಲ್ಲ. ಒಂದೇ ಚಾಪಿ ಮ್ಯಾಲೆ ಮಲಗ್ತಿದ್ವು. ದೊಡ್ಡದಕ್ಕ ಏನೂ ಆಗ್ಲಿಲ್ಲ. ಸಣ್ಣದು ಹೋತು."

ಮರುದಿನ ಅವರೇ ನನ್ನನ್ನು ಆಸ್ಪತ್ರೆಗೆ ಹೊರಡಿಸಿದರು. ಅಲ್ಲಿ ದಾಕು ಹಾಕುವಾತನ ಎದುರು ಹೇಳಿದರು: "ಹೋದ ಸಲ ನಾನೇ ತೊಳದಿದ್ದೆ. ನನ್ನ ಚೊಚ್ಚಲ ಮಗನಿಗೆ ಹಾಕ್ಸಿದ್ದೆ. ತೋಳು ಕೀವಾಗಿ, ಜ್ವರ ಬಂದು ಹೋದ. ಕರು, ಲಿಂಗ ಅಂದಿದ್ದೆಲ್ಲ ಬರೀ ಬಾಯಿಮಾತು. ನನಗ ಹೆದರಿಕಿ."

ಸೊಸೆಯಾಗಿ ಬಂದ ಮೇಲೆ ಆ ಮಗನ ಸುದ್ದಿ ನಾನು ಕೇಳಿದ್ದು ಅದೇ ಮೊದಲು. ಕೂಸಿಗೆ ಮತ್ತೆ ದಾಕು ಹಾಕಿಸಿದೆವು. ಆದರೂ ಮನೆಗೆ ಬಂದ ಮೇಲೆ ಕೂಸನ್ನು ಮಡಿಲಿಂದ ಇಳಿಸಲಿಲ್ಲ.

"ಇನ್ನೂ ನನ್ ಮ್ಯಾಲೆ ಅನುಮಾನ ಐತಾ?"

"ಐತೆ ಅತ್ತೆ."

"ಇರ್ಲಿ. ನೋಡ್ಕೊಂತಿರು."

ಈ ಸಲ ಗುಳ್ಳೆ ಎದ್ದಿತು, ಜ್ವರವೂ ಬಂತು. ಅತ್ತೆ ಊಟ ಬಿಟ್ಟು ಗೋಡೆಗೊರಗಿ ಕುಳಿತರು. ಕೂಸಿನ ಹಣೆ ಮುಟ್ಟುವ ಮೊದಲು ನನ್ನ ಮುಖ ನೋಡುತ್ತಿದ್ದರು. ಜ್ವರ ಇಳಿಯಿತು. ಹಕ್ಕಳೆ ಉದುರಿ ತೋಳಿನಲ್ಲಿ ಗುಂಡಗಿನ ಕಲೆ ಉಳಿಯಿತು.

ಮಗಳು ನಡೆಯಲು ಕಲಿತ ಮೇಲೆ, ಅವಳನ್ನು ಹರಿಹರಕ್ಕೆ ಕರೆದೊಯ್ಯಲೇ ಎಂದು ಅತ್ತೆ ಕೇಳಿದರು. ನಾನು ಮಗಳ ತೋಳಿನ ಕಲೆಯ ಮೇಲೆ ಬೆರಳಾಡಿಸಿದೆ. ಆಮೇಲೆ ಬಟ್ಟೆ ಗಂಟು ಕಟ್ಟಿಕೊಟ್ಟು, ಇಬ್ಬರನ್ನೂ ಬಸ್ಸು ಹತ್ತಿಸಿ ಬಂದೆ.