ಮೆಟ್ಟಿಲ ಮೇಲೆ ಸಿಕ್ಕ ಜಾಮೀನು

ನನ್ನ ಚಿಕ್ಕಮ್ಮ ಬೇಕರಿಯಲ್ಲಿ ಕೇಕುಗಳ ಮೇಲೆ ಹೆಸರು ಬರೆಯುತ್ತಿದ್ದಳು. ಊರಿನ ಅರ್ಧ ಮಕ್ಕಳ ಹೆಸರು ಅವಳ ಕೈಯಿಂದ ಗುಲಾಬಿ ಬಣ್ಣದಲ್ಲಿ ಅರಳಿ, ಸಂಜೆಯೊಳಗೆ ಚಾಕುವಿಗೆ ಬಲಿಯಾಗುತ್ತಿತ್ತು. ಈಗಲೂ ಯಾವುದಾದರೂ ಬೇಕರಿಯ ಮುಂದೆ ನಿಂತರೆ ನನಗೆ ಮೊದಲು ನೆನಪಾಗುವುದು ಕೇಕಲ್ಲ. ಟೈಲರಮ್ಮನ ಮಹಡಿಯ ಮೇಲಿದ್ದ ಆ ಒಂಟಿ ಕೋಣೆ, ಅದರೊಳಗೆ ಹೇಗೋ ತುರುಕಿದ್ದ ಎರಡು ಮಂಚ, ಕಿಟಕಿಯಲ್ಲಿ ಒಣಗುತ್ತಿದ್ದ ಸಕ್ಕರೆ ಮೆತ್ತಿದ ಏಪ್ರನ್.

ಕೆಲಸ ಸಿಕ್ಕಿ ಆ ಊರಿಗೆ ಬಂದಾಗ ಚಿಕ್ಕಮ್ಮನಿಗೆ ಅಲ್ಲಿ ಒಂದು ನರಪಿಳ್ಳೆಯ ಪರಿಚಯವೂ ಇರಲಿಲ್ಲ. ಬೇಕರಿಯ ಅಟ್ಟದಲ್ಲಿ, ಮೈದಾ ಮೂಟೆಗಳ ನಡುವೆ ಮಲಗುತ್ತಿದ್ದಳು. ಬೆಳಿಗ್ಗೆ ಎದ್ದರೆ ಮೈಯೆಲ್ಲ ಹಿಟ್ಟು ಮೆತ್ತಿ, ಇನ್ನೇನು ಎಣ್ಣೆಗೆ ಬಿಡಬಹುದು ಎನ್ನುವಂತಿರುತ್ತಿದ್ದಳಂತೆ. ಈ ಅಟ್ಟದ ವಾಸ ತಾತನಿಗೆ ಸರಿಬರಲಿಲ್ಲ. "ತಿಂಗಳೊಳಗೆ ಒಂದು ಮನೆ ನೋಡ್ಕೋ. ಇಲ್ದಿದ್ರೆ ಕೆಲಸ ಬಿಟ್ಟು ವಾಪಸ್ ಬಾ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಬಾಡಿಗೆ ಮನೆ ಹುಡುಕಿ ಹುಡುಕಿ ಚಿಕ್ಕಮ್ಮನ ಮುಖವೇ ಬಾಡಿತು. ಹೋದಲ್ಲೆಲ್ಲ ಒಂದೇ ಪ್ರಶ್ನೆ.

"ಹಿಂದಿನ ಮನೆ ಓನರ್ ಯಾರು? ಅವರಿಂದ ಒಂದು ಮಾತು ಹೇಳಿಸಿ."

"ನಮ್ಮಪ್ಪಾನೇ."

"ಅಪ್ಪ ಹೇಗ್ರೀ ಓನರ್ ಆಗ್ತಾರೆ?"

"ಬಾಡಿಗೆ ತಗೊಳ್ತಿರಲಿಲ್ಲ ಅಷ್ಟೇ. ಬೈಗುಳ ಮಾತ್ರ ತಪ್ಪದೆ ಕೊಡ್ತಿದ್ರು."

ನಗುತ್ತಿದ್ದರು. ನಗುತ್ತಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು.

ತಿಂಗಳ ಕೊನೆಯ ಭಾನುವಾರ ಟೈಲರಮ್ಮನ ಮನೆಗೆ ಹೋದಳು. ಕೆಳಗೆ ಹೊಲಿಗೆ, ಮೇಲೆ ಖಾಲಿ ಕೋಣೆ. ಮೆಟ್ಟಿಲ ಮೇಲೆ ಆಗಲೇ ಇನ್ನೊಬ್ಬಳು ಕೂತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿಗೆ ಹೊಸದಾಗಿ ಬಂದ ಆಪರೇಟರ್. ಮುಂದೆ ನಾವು ಮಕ್ಕಳೆಲ್ಲ 'ಹಲೋ ಚಿಕ್ಕಮ್ಮ' ಎಂದು ಕರೆದದ್ದು ಇವಳನ್ನೇ. ಅವಳಿಗೂ ಅದೇ ಕೋಣೆ ಬೇಕಿತ್ತು. ಒಳಗೆ ಯಾರದೋ ರವಿಕೆಯ ಅಳತೆ ಮುಗಿಯುವವರೆಗೆ ಇಬ್ಬರೂ ಕಾದರು. ಒಳಗಿನಿಂದ ಕರೆ ಬಂದಾಗ ಚಿಕ್ಕಮ್ಮ ಸರದಿ ಮರೆತು ತಾನೇ ಮೊದಲು ನುಗ್ಗಿದಳು.

ಟೈಲರಮ್ಮ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು: "ಈ ಊರಲ್ಲಿ ನಿಮ್ಮನ್ನ ಬಲ್ಲೋರು ಯಾರಿದ್ದಾರಮ್ಮ?"

ಚಿಕ್ಕಮ್ಮ ಮೆಟ್ಟಿಲ ಕಡೆ ಕೈ ತೋರಿಸಿದಳು. "ಅಗೋ, ಅವರು."

ಹಲೋ ಚಿಕ್ಕಮ್ಮನನ್ನು ಒಳಗೆ ಕರೆಸಲಾಯಿತು. "ಇವರು ನಿಮಗೆ ಗೊತ್ತಾ?"

"ಓ, ಚೆನ್ನಾಗಿ."

"ಎಷ್ಟು ಕಾಲದಿಂದ?"

"ಅರ್ಧ ಗಂಟೆಯಿಂದ. ಅಷ್ಟರಲ್ಲೇ ಅವರಪ್ಪನ ಕೋಪ, ಅಕ್ಕನ ಬಾಣಂತನ, ಇವರ ಹಲ್ಲುನೋವು, ಎಲ್ಲಾ ಹೇಳಿಯಾಯ್ತು. ಹೊಟ್ಟೆಯಲ್ಲಿ ಒಂದೂ ನಿಲ್ಲಲ್ಲ ಇವರಿಗೆ. ಮೋಸ ಮಾಡ್ಬೇಕು ಅಂದ್ಕೊಂಡ್ರೂ ಮೊದಲು ನಿಮಗೇ ಬಂದು ಹೇಳ್ತಾರೆ."

ಟೈಲರಮ್ಮ ಸೂಜಿಗಳನ್ನು ಅಂಗೈಗೆ ಉಗುಳಿಕೊಂಡು ಮನಸಾರೆ ನಕ್ಕಳು. "ಸರಿ, ನಿಮ್ಮನ್ನ ಬಲ್ಲೋರು?"

"ಇವರನ್ನೇ ಕೇಳಿ."

"ಇವರ ಬಗ್ಗೆ ನಂಗೇನೂ ಗೊತ್ತಿಲ್ಲ ಕಣ್ರೀ," ಎಂದಳು ಚಿಕ್ಕಮ್ಮ, ನಾಚಿಕೆಯಿಂದ. "ಬಾಯಿ ಬಿಡೋಕೆ ನಾನೆಲ್ಲಿ ಬಿಟ್ಟೆ?"

"ಒಬ್ಬಳು ಮಾತಾಡ್ತಾಳೆ, ಒಬ್ಬಳು ಕೇಳಿಸ್ಕೊಳ್ತಾಳೆ. ನನ್ನ ತಲೆಯಂತೂ ಉಳೀತು. ಎರಡು ಮಂಚ ಹಿಡಿದ್ರೆ ಇಬ್ಬರೂ ಇರಿ," ಎಂದಳು ಟೈಲರಮ್ಮ.

ಮರುದಿನ ಬೇಕರಿಯ ಫೋನಿನಿಂದ ಎಕ್ಸ್‌ಚೇಂಜಿನ ಮೂಲಕ ತಾತನಿಗೆ ಟ್ರಂಕ್ ಕಾಲ್ ಹೋಯಿತು.

"ಮನೆ ಸಿಕ್ತಪ್ಪಾ. ವಾಪಸ್ ಬರಲ್ಲ ನಾನು."

"ಜೊತೆಗಿರೋಳು ಹೇಗೆ? ನಂಬಬಹುದಾ?"

"ಕೋಣೆ ಅವಳಿಗೂ ಬೇಕಿತ್ತಪ್ಪಾ. ನಾನು ಯಾರೋ ಗೊತ್ತೇ ಇಲ್ಲ ಅಂದಿದ್ರೆ ಪೂರ್ತಿ ಅವಳದೇ ಆಗ್ತಿತ್ತು. ಅನ್ನಲಿಲ್ಲ."

ಲೈನಿನ ನಡುವೆ ಯಾರೋ ಮೂಗೆಳೆದುಕೊಂಡ ಸದ್ದು.

"ಯಾರೇ ಅದು ಮಧ್ಯದಲ್ಲಿ?"

"ಅವಳೇ ಅಪ್ಪಾ. ಡ್ಯೂಟಿಯಲ್ಲಿದ್ದಾಳೆ."

"ಟೈಮಾಯ್ತು ಸಾರ್," ಎಂದಿತು ಆ ದನಿ. "ಕಟ್ ಮಾಡ್ಲಾ?"

"ಇವಳದು ಮುಗೀತು," ಎಂದರಂತೆ ತಾತ. "ನೀನು ಇಡಬೇಡ ಮಗಳೇ. ನಿನ್ನ ಹತ್ರ ಮಾತಾಡೋದಿದೆ."